ನಕಾಶೆಯ ಪ್ರಕಾರ ಅವರು ಹುಮನಾಬಾದಿನಲ್ಲಿದ್ದರು

ಹೊರಡುವ ಮೊದಲು

ಜರ್ಮನಿಯಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆ, ಕಾಡು ನೋಡಿದೆ, ಗುಡ್ಡ ನೋಡಿದೆ, ಒಂದು ಕಂಪ್ಯೂಟರಿನ ಪರದೆ ನೋಡಿದೆ ಎಂದು ಹೇಳುತ್ತೇನೆ. ಯಾರಿಗೂ ಸಮಾಧಾನವಾಗುವುದಿಲ್ಲ. ಅರಮನೆ ನೋಡಲಿಲ್ಲವೇ, ದೊಡ್ಡ ಅಂಗಡಿ ನೋಡಲಿಲ್ಲವೇ ಎನ್ನುತ್ತಾರೆ. ನೋಡಿರಬೇಕು. ಗಂಡ ಕಳೆದುಹೋದ ದೇಶದಲ್ಲಿ ಹೆಂಡತಿಗೆ ಅರಮನೆ ನೆನಪಿರುವುದಿಲ್ಲ. ಅವರು ಸಿಕ್ಕರು, ಮನೆಗೂ ಬಂದರು. ನಾನು ಇದನ್ನು ಬರೆಯುವಾಗ ಮಾಳಿಗೆಯ ಮೇಲೆ ಏನೋ ತಂತಿ ಕಟ್ಟುತ್ತಾ ನನಗೆ ಏಣಿ ಹಿಡಿಯಲು ಕರೆಯುತ್ತಿದ್ದಾರೆ. ಆದ್ದರಿಂದ ಓದುವವರು ಹೆದರಬೇಕಾಗಿಲ್ಲ.

ನಾನು ನಾಲ್ಕನೇ ಇಯತ್ತೆ ಓದಿದವಳು. ತವರು ಘಾಟಬೋರಾಳ, ಕೊಟ್ಟದ್ದು ಹುಮನಾಬಾದಿಗೆ. ನಮ್ಮ ಮನೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಹೆಸರನ್ನು ನಾನು ಬಾಯಿಂದ ಹೇಳಿದವಳಲ್ಲ, ಈ ಕಾಗದದ ಮೇಲೂ ಬರೆಯುವುದಿಲ್ಲ. ಅವರಿಗೆ ಸರ್ಕಾರ ಕೊಟ್ಟ ರೇಡಿಯೋ ಹೆಸರು ಒಂದಿದೆ, ನಾಲ್ಕಾರು ಇಂಗ್ಲಿಷ್ ಅಕ್ಷರ, ನಡುವೆ ಒಂದು ಅಂಕಿ. ಯಾರಾದರೂ ಕೇಳಿದರೆ ಅದನ್ನು ಹೇಳುತ್ತೇನೆ. ಅದನ್ನು ಹೇಳಿದರೆ ಗಂಡನ ಹೆಸರು ಹೇಳಿದಂತಾಗುವುದಿಲ್ಲ ಎಂದು ನನ್ನ ಲೆಕ್ಕ.

ಈ ರೇಡಿಯೋ ಅಂದರೆ ಹಾಡು ಕೇಳುವ ರೇಡಿಯೋ ಅಲ್ಲ. ಹ್ಯಾಮ್ ರೇಡಿಯೋ ಎನ್ನುತ್ತಾರೆ. ಪರೀಕ್ಷೆ ಬರೆದು ಪರವಾನಗಿ ತೆಗೆದುಕೊಂಡವರು ಮನೆಯಲ್ಲೇ ಕುಳಿತು ಗುರುತಿಲ್ಲದ ದೇಶದವರ ಜೊತೆ ಮಾತಾಡುವ ಹುಚ್ಚು. ಮಾತು ಅಂದರೂ ಏನು, ನಿಮ್ಮ ದನಿ ನನಗೆ ಎಷ್ಟು ಚೆನ್ನಾಗಿ ಕೇಳುತ್ತಿದೆ, ನನ್ನ ದನಿ ನಿಮಗೆ ಎಷ್ಟು ಚೆನ್ನಾಗಿ ಕೇಳುತ್ತಿದೆ, ಇಷ್ಟೇ. ನಾನು ಸಂಡಿಗೆ ಒಣಗಿಸುವ ಜಾಗದ ಮೇಲೆ ಅವರು ತಂತಿ ಎಳೆದರು, ತಂತಿಯ ಮೇಲೆ ಕಾಗೆ ಕೂತವು, ಸಂಡಿಗೆ ಹೋಯಿತು. ಬಹಳ ವರ್ಷ ಜಗಳ ಮಾಡಿದೆ. ಕಿಲಾರಿ ಕಡೆ ಭೂಮಿ ನಡುಗಿ ನಮ್ಮ ಮನೆಯ ಪಾತ್ರೆಗಳೂ ಉರುಳಿದ ಮೇಲೆ ಇವರು ಮೂರು ದಿನ ಆ ರೇಡಿಯೋ ಮುಂದಿನಿಂದ ಏಳದೆ, ಅಲ್ಲಿ ಯಾರು ಬದುಕಿದ್ದಾರೆ, ಏನು ಬೇಕು ಎಂದು ಸುದ್ದಿ ದಾಟಿಸಿದರು. ಆಮೇಲೆ ನಾನು ಸಂಡಿಗೆಯನ್ನು ಅಂಗಳಕ್ಕೆ ಇಳಿಸಿಕೊಂಡೆ.

ಜರ್ಮನಿಯ ವೆರ್ನರ್ ಇವರಿಗೆ ಗಾಳಿಯಲ್ಲಿ ಸಿಕ್ಕ ಗೆಳೆಯ. ಮುಖ ನೋಡದೆಯೇ ಇಬ್ಬರೂ ಮುದುಕರಾದರು. ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಬೇಸಿಗೆ, ನಮ್ಮಲ್ಲಿ ರೇಡಿಯೋದವರ ಸಂತೆ ಕೂಡುತ್ತದೆ, ಬನ್ನಿ ಎಂದು ಕರೆದ. ಇವರು ಹೊರಟರು. ಇವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಸಕ್ಕರೆ ಇಳಿದು ಬೆವರುತ್ತಾರೆ, ನಡುಗುತ್ತಾರೆ. ಒಮ್ಮೆ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಹಾಗೇ ಬಿದ್ದಿದ್ದರು. ಕುಡಿದವನೆಂದು ತಿಳಿದು ಜನ ದಾಟಿಕೊಂಡು ಹೋಗುತ್ತಿದ್ದರಂತೆ. ಡಾಕ್ಟರು, ಮುಂದಿನ ಸಲ ಬಿದ್ದು ಯಾರೂ ನೋಡದಿದ್ದರೆ ಏಳುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದ್ದರು. ಹಾಗಾಗಿ ನಾನೂ ಹೊರಟೆ. ನನಗೆ ಭಾಷೆ ಬರುವುದಿಲ್ಲವೆಂದು ಇವರ ತಂಗಿ ಕಮಲಾ ಹೊರಟಳು. ಕಮಲಾ ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ಅತ್ತಿಗೆಯಾದ ನನಗೆ ವೈನಿ ಎನ್ನುತ್ತಾಳೆ, ಬಾಯಿ ಇಪ್ಪತ್ನಾಲ್ಕು ತಾಸೂ ನಡೆಯುತ್ತದೆ.

ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕೂತಲ್ಲೇ ಕೂತು ಕಾಲು ಬಾತವು. ಇಳಿದ ಮೇಲೆ ಅಲ್ಲಿನ ಅಧಿಕಾರಿ ನಮ್ಮ ಚೀಲ ಬಿಚ್ಚಿಸಿದ. ಮೇಲೆಯೇ ಶೇಂಗಾ ಚಟ್ನಿಪುಡಿ. ಮೂಸಿ ನೋಡಿ ಸೀನಿದ. ಅದರ ಕೆಳಗೆ ಒಂದು ಹಿತ್ತಾಳೆ ಸಾಮಾನು, ಮರದ ಹಲಗೆ, ಸ್ಪ್ರಿಂಗು, ಎರಡು ತಂತಿ. ನಮ್ಮ ಮನೆಯವರು ವೆರ್ನರನಿಗೆಂದು ಕೈಯಾರೆ ಮಾಡಿದ, ಟೆಲಿಗ್ರಾಂ ಕಳಿಸುವ ಹಾಗೆ ಮೋರ್ಸ್ ಬಡಿಯುವ ಕೀಲಿ. ಅಧಿಕಾರಿಯ ಮುಖ ಬದಲಾಯಿತು. ಇನ್ನಿಬ್ಬರನ್ನು ಕರೆದ. ನಾನು ಅವರನ್ನೇ ದಿಟ್ಟಿಸುತ್ತಿದ್ದೆ.

"ವೈನಿ, ಹಂಗ ನೋಡಬ್ಯಾಡ್ರಿ. ಅವರಿಗೆ ಇನ್ನೂ ಸಂಶೇ ಬರ್ತದ" ಎಂದಳು ಕಮಲಾ.

ಇವರು ಅಧಿಕಾರಿಯ ಮೇಜಿನ ಮೇಲೇ ಬೆರಳಿನಿಂದ ಟಕಟಕ ಬಡಿದು ತೋರಿಸಿದರು. ಅದು ಕೆಲಸ ಕೆಡಿಸಿತು. ಕೊನೆಗೆ ಹೊರಗೆ ಕಾಯುತ್ತಿದ್ದ ವೆರ್ನರನನ್ನು ಕರೆಸಬೇಕಾಯಿತು. ಅವನು ಒಳಗೆ ಬಂದವನೇ ನಮ್ಮನ್ನು ನೋಡಲಿಲ್ಲ, ಕೀಲಿಯನ್ನು ನೋಡಿದ. ಎತ್ತಿಕೊಂಡು ಎರಡು ಸಲ ಒತ್ತಿದ, ಕಣ್ಣಲ್ಲಿ ನೀರು ತಂದುಕೊಂಡ. ಹೆಣ್ಣು ಕೊಟ್ಟ ಮನೆಯವರೂ ನಮ್ಮನ್ನು ಅಷ್ಟು ಪ್ರೀತಿಯಿಂದ ಬರಮಾಡಿಕೊಂಡಿಲ್ಲ. ಬಿಟ್ಟರು. ಚಟ್ನಿಪುಡಿ ಮಾತ್ರ ಅವರೇ ಇಟ್ಟುಕೊಂಡರು. ತಿಂದರೋ ಚೆಲ್ಲಿದರೋ ಗೊತ್ತಿಲ್ಲ.

ರೇಡಿಯೋ ಸಂತೆ

ಸಂತೆ ಅಂದರೆ ಸಂತೆಯೇ. ನಮ್ಮಲ್ಲಿ ಬದನೆಕಾಯಿ ಗುಡ್ಡೆ ಹಾಕಿದ ಹಾಗೆ ಅಲ್ಲಿ ಹಳೇ ತಂತಿ, ಗುಂಡಿ, ಮೀಟರು ಗುಡ್ಡೆ ಹಾಕಿದ್ದರು. ಗಂಡಸರು ಒಂದು ಸಾಮಾನು ಎತ್ತುತ್ತಾರೆ, ತಿರುಗಿಸಿ ನೋಡುತ್ತಾರೆ, ಇಡುತ್ತಾರೆ, ಬೇಡದವರ ಹಾಗೆ ಮುಂದೆ ಹೋಗುತ್ತಾರೆ, ಸ್ವಲ್ಪ ಹೊತ್ತಿಗೆ ತಿರುಗಿ ಅಲ್ಲಿಗೇ ಬರುತ್ತಾರೆ. ಹುಲಸೂರಿನ ದನದ ವ್ಯಾಪಾರಿಗಳೂ ಹೀಗೇ ಮಾಡುತ್ತಾರೆ. ವ್ಯತ್ಯಾಸ ಒಂದೇ, ಇಲ್ಲಿ ಯಾರೂ ಕೂಗುವುದಿಲ್ಲ. ಸಾವಿರ ಜನ ಸೇರಿದ ಕಡೆ ಸೂತಕದ ಮನೆಯ ಹಾಗೆ ಪಿಸುಮಾತು.

ಎಲ್ಲರ ಎದೆಯ ಮೇಲೂ ಅವರವರ ರೇಡಿಯೋ ಹೆಸರಿನ ಬಿಲ್ಲೆ. ಸ್ವಂತ ಹೆಸರು ಯಾರೂ ಕೇಳುವುದಿಲ್ಲ, ಹೇಳುವುದಿಲ್ಲ. ಈ ಒಂದು ಪದ್ಧತಿ ನನಗೆ ಬರೋಬರ್ ಅನಿಸಿತು.

ಗೋಡೆಯ ಬದಿಗೆ ಬೆಂಚು. ಅದರ ಮೇಲೆ ಹೆಂಡತಿಯರು. ಯಾವ ದೇಶದವಳಾದರೂ ಮುಖ ಒಂದೇ, ನನ್ನದು. ಪಕ್ಕದಲ್ಲಿ ಒಬ್ಬಳು ಉಣ್ಣೆ ಹೆಣೆಯುತ್ತಿದ್ದಳು, ಯಾವ ದೇಶದವಳೋ. ಅವಳು ತನ್ನ ಗಂಡನ ಕಡೆ ತೋರಿಸಿ ಹಣೆಗೆ ಒಂದು ಬೆರಳು ಬಡಿದುಕೊಂಡಳು. ನಾನು ನನ್ನವರ ಕಡೆ ತೋರಿಸಿ ಎರಡು ಬೆರಳು ಬಡಿದುಕೊಂಡೆ. ಆಮೇಲೆ ಅವಳು ನನಗೆ ಬಿಸ್ಕತ್ತು ಕೊಟ್ಟಳು. ಜರ್ಮನಿಯಲ್ಲಿ ಕಮಲಾಳ ಸಹಾಯವಿಲ್ಲದೆ ನಾನು ಮಾಡಿದ ಮಾತುಕತೆ ಇದೊಂದೇ.

ವೆರ್ನರನ ಹೆಂಡತಿ ಇಂಗ್ರಿಡ್ ಬೆಂಚಿನ ಮೇಲೆ ಕೂರುವವಳಲ್ಲ. ಅವಳಿಗೂ ಪರವಾನಗಿ ಇದೆ. ಗಂಡನಿಗಿಂತ ಚೆನ್ನಾಗಿ ಚೌಕಾಶಿ ಮಾಡಿ, ಸಾಬೂನಿನ ಡಬ್ಬಿಯಷ್ಟು ದೊಡ್ಡ ಒಂದು ಸಾಮಾನು ಕೊಂಡು ಇವರ ಕೈಯಲ್ಲಿಟ್ಟಳು. ಇವರು ಅದನ್ನು ವೆರ್ನರನ ಮನೆಯವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದರು.

ಅಡಿಗೆಮನೆಯ ಮೇಜು

ಆ ದೇಶದಲ್ಲಿ ರಾತ್ರಿಯ ಊಟಕ್ಕೆ ಒಲೆ ಹಚ್ಚುವುದಿಲ್ಲ. ತಣ್ಣನೆಯ ರೊಟ್ಟಿ, ತಣ್ಣನೆಯ ಬೆಣ್ಣೆ, ತಣ್ಣನೆಯ ಸೌತೆಕಾಯಿ. ಇಂಗ್ರಿಡ್ ನಮಗೆಂದು ಅನ್ನ ಮಾಡಿದ್ದಳು, ಅದೂ ತಣ್ಣಗೆ. ಉಂಡು ಮೇಜು ಒರೆಸಿ ಅದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿದರು.

ಡಬ್ಬಿ ಏನು ಮಾಡುತ್ತದೆ ಎಂದು ಇಂಗ್ರಿಡ್ ಹೇಳಿದಳು, ಕಮಲಾ ಕನ್ನಡ ಮಾಡಿದಳು. ಇಂಥದೇ ಇನ್ನೊಂದು ಚಿಕ್ಕ ಡಬ್ಬಿ ಇದೆ. ಅದು ಆಕಾಶದಲ್ಲಿ ತಿರುಗುವ ಉಪಗ್ರಹಗಳ ಮಾತು ಕೇಳಿ ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂದು ಕಂಡುಕೊಳ್ಳುತ್ತದೆ. ಎರಡಕ್ಕೂ ನಡುವೆ ಒಂದು ತಂತಿ. ತಂತಿಯಲ್ಲಿ ಬಂದ ಠಿಕಾಣಿಯನ್ನು ದೊಡ್ಡ ಡಬ್ಬಿ ಒಂದು ಚೀಟಿಯ ಹಾಗೆ ಮಡಚಿ, ಕೆಲವು ನಿಮಿಷಕ್ಕೊಮ್ಮೆ ರೇಡಿಯೋದಲ್ಲಿ ಎಸೆಯುತ್ತದೆ. ಕಿವಿಗೆ ಅದು ಜೀರುಂಡೆ ಜೀರ್ ಅಂದಂತೆ. ಗುಡ್ಡದ ಮೇಲೆ ಇಟ್ಟ ಪೆಟ್ಟಿಗೆ ಆ ಚೀಟಿಯನ್ನು ಹಿಡಿದು, ತನ್ನ ಹೆಸರು ಸೇರಿಸಿ ಗಟ್ಟಿಯಾಗಿ ಮತ್ತೆ ಎಸೆಯುತ್ತದೆ. ಮುಂದಿನ ಗುಡ್ಡ ಅದನ್ನು ಹಿಡಿಯುತ್ತದೆ. ಯಾರ ಮನೆಯಲ್ಲಿ ಕಂಪ್ಯೂಟರ್ ಇದೆಯೋ ಅವರ ನಕಾಶೆಯ ಮೇಲೆ ಚುಕ್ಕೆ ಬೀಳುತ್ತದೆ, ಇಂಥವರು ಇಂಥಲ್ಲಿದ್ದಾರೆ ಎಂದು.

ಇದು ನನಗೆ ಕೂಡಲೇ ತಿಳಿಯಿತು. ಘಾಟಬೋರಾಳದಲ್ಲಿ ದೂರದ ಹೊಲದಲ್ಲಿದ್ದವನಿಗೆ ಸುದ್ದಿ ಮುಟ್ಟಿಸಬೇಕಾದರೆ ಹೀಗೇ ಮಾಡುತ್ತಿದ್ದೆವು. ಊರ ಅಂಚಿನಿಂದ ಒಬ್ಬ ಕೂಗುತ್ತಾನೆ, ನಡುವಿನ ಹೊಲದವನು ಕೇಳಿ ಮುಂದಕ್ಕೆ ಕೂಗುತ್ತಾನೆ. ನಾ ಹೇಳಾಕತ್ತೇನಿ ಎಂದು ತನ್ನ ಹೆಸರನ್ನೂ ಸೇರಿಸುತ್ತಾನೆ. ಜರ್ಮನಿಯವರು ಇದಕ್ಕೆ ಕಂಪ್ಯೂಟರ್ ಇಟ್ಟಿದ್ದಾರೆ, ಅಷ್ಟೇ.

ಮನೆಯೊಳಗೆ ಆಕಾಶ ಕೇಳಿಸುವುದಿಲ್ಲ. ಆಕಾಶ ಕೇಳಿಸದಾಗ ಡಬ್ಬಿ ಏನು ಹೇಳಬೇಕು ಎಂಬುದಕ್ಕೆ ಒಂದು ಕಾಯಂ ಠಿಕಾಣಿಯನ್ನು ಅದರ ಹೊಟ್ಟೆಯಲ್ಲಿ ತುಂಬಿಡಬೇಕಂತೆ. ವೆರ್ನರ್, ಈ ಮನೆಯದೇ ತುಂಬೋಣ ಎಂದ. ಇವರು ಬೇಡವೆಂದರು. ಹುಮನಾಬಾದಿನದನ್ನು ತುಂಬಿಸಿ ಎಂದರು. ನಮ್ಮ ಮಾಳಿಗೆ ಭೂಮಿಯ ಯಾವ ಗೆರೆಯ ಮೇಲಿದೆ ಎಂಬ ಅಂಕಿ ಇವರಿಗೆ ಬಾಯಿಪಾಠ. ನನ್ನ ಹುಟ್ಟಿದ ದಿನ ಕೇಳಿದರೆ ಹೇಳಲಾರರು. ವೆರ್ನರ್ ನಕ್ಕು, ಅಂಕಿ ಒತ್ತಿದ.

ನಕಾಶೆಯ ಮೇಲೆ ಹುಮನಾಬಾದಿನ ಜಾಗದಲ್ಲಿ ಒಂದು ಚಿಕ್ಕ ಮನೆಯ ಗುರುತು ಬಿತ್ತು. ಜರ್ಮನಿ ತುಂಬ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳಿದ್ದವು. ನಮ್ಮ ಕಡೆ ಆ ಸಂಜೆ ಆ ಪರದೆಯ ಮೇಲೆ ಇದೊಂದೇ. ಇವರು ಅದನ್ನೇ ನೋಡುತ್ತಾ ಕುಳಿತರು.

"ಅಣ್ಣಾ, ಬಸವಕಲ್ಯಾಣ ಯಾಕ ಇಲ್ಲ ಇದರಾಗ?" ಎಂದು ಕಮಲಾ ಕೇಳಿದಳು.

"ನಿಮ್ಮೂರಾಗ ರೇಡಿಯೋ ಇಟ್ಟವರು ಯಾರ ಅದಾರ? ಮೊದಲ ಒಂದು ತಂತಿ ಕಟ್ಟು, ಆಮ್ಯಾಲ ಕೇಳು."

ಡಬ್ಬಿಯ ಹೊಟ್ಟೆಯಲ್ಲಿ ಹುಮನಾಬಾದು ಹಾಗೇ ಉಳಿಯಿತು. ತೆಗೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಬಯಲಿಗೆ ಹೋದರೆ ಅದು ಆಕಾಶ ಕೇಳಿಯೇ ಹೇಳುತ್ತದಲ್ಲ.

ಕಾಡಿನ ಅಂಚು

ಮರುದಿನ ಮುಂಜಾನೆ ಕಾಡಿಗೆ ಕರೆದುಕೊಂಡು ಹೋದರು. ಅವರ ಕಾಡು ನಮ್ಮ ಕಾಡಿನಂತಲ್ಲ. ಮರಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ದಾರಿ ತಪ್ಪಬಾರದೆಂದು ಮರಕ್ಕೆ ಹಳದಿ ಗುರುತು ಹೊಡೆದಿದ್ದಾರೆ. ಕಸದ ಡಬ್ಬಿ, ಬೆಂಚು ಎಲ್ಲ ಇವೆ. ಇಲ್ಲಿ ಕಳೆದುಹೋಗಬೇಕಾದರೆ ಕಷ್ಟಪಡಬೇಕು ಎಂದು ನಾನೇ ಕಮಲಾಳಿಗೆ ಹೇಳಿದೆ.

ಹುಲ್ಲಿನ ಮೇಲೆ ಚಾದರ ಹಾಸಿದರು. ವೆರ್ನರ್ ಮಡಚುವ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ರೇಡಿಯೋ ಜೋಡಿಸಿದ. ಇವರು ಹಳದಿ ಗುರುತಿನ ದಾರಿಯಲ್ಲಿ ಒಂದು ಸುತ್ತು ಹಾಕಿ ಊಟದ ಹೊತ್ತಿಗೆ ಬರುವುದು, ಚುಕ್ಕೆ ಹೇಗೆ ನಡೆಯುತ್ತದೆ ಎಂದು ನಾವು ನೋಡುವುದು. ಆಕಾಶ ಕೇಳುವ ಚಿಕ್ಕ ಡಬ್ಬಿಯನ್ನು ಇವರ ಟೋಪಿಯ ಮೇಲೆ ರಬ್ಬರ್ ಹಾಕಿ ಕಟ್ಟಿದರು. ತಂತಿ ಕತ್ತಿನ ಹಿಂದಿನಿಂದ ಇಳಿದು ಸೊಂಟದ ದೊಡ್ಡ ಡಬ್ಬಿಗೆ. ಮಾತಾಡುವ ರೇಡಿಯೋ ಕೊಡಲಿಲ್ಲ, ಒಂದು ತಾಸಿನ ಕೆಲಸಕ್ಕೆ ಯಾಕೆ ಎಂದು. ಸೊಂಟದಲ್ಲೊಂದು, ತಲೆಯ ಮೇಲೊಂದು ಇಟ್ಟುಕೊಂಡು ಹೊರಟರು. ಆ ವೇಷ ನೋಡಿ ಒಂದು ನಾಯಿ ಬೊಗಳಿತು. ಅವರ ದೇಶದ ನಾಯಿ ಬೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚುಕ್ಕೆ ಚೆನ್ನಾಗಿಯೇ ನಡೆಯಿತು. ನನಗೆ ಖುಷಿಯಾಯಿತು. ಊರ ಪಕ್ಕದ ಮಾಣಿಕನಗರಕ್ಕೆ ಹೋಗಿ ಬರುತ್ತೇನೆ ಎಂದು ಹೋದವರು ಎಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾರೆಂದು ನಾನು ಜೀವಮಾನವಿಡೀ ಯೋಚನೆ ಮಾಡಿದ್ದೇನೆ. ಇಲ್ಲಿ ಹೆಜ್ಜೆ ಹೆಜ್ಜೆಯೂ ಕಾಣುತ್ತಿತ್ತು. ಆಮೇಲೆ ಒಂದು ಚೀಟಿ ಬಂತು, ಚುಕ್ಕೆ ಕಾಡಿನಿಂದ ಎದ್ದು ಹೋಯಿತು. ವೆರ್ನರ್ ನಕಾಶೆಯನ್ನು ಚಿಕ್ಕದು ಮಾಡಿ, ಇನ್ನೂ ಚಿಕ್ಕದು ಮಾಡಿ ಹುಡುಕಿದ. ಚುಕ್ಕೆ ಹುಮನಾಬಾದಿನಲ್ಲಿತ್ತು.

"ನೋಡ್ರಿ ವೈನಿ, ಅಣ್ಣ ಮನೀಗೆ ಹೋಗ್ಯಾನ" ಎಂದಳು ಕಮಲಾ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಡಬ್ಬಿಗೆ ಆಕಾಶ ಕೇಳಿಸುತ್ತಿಲ್ಲ, ಮರ ದಟ್ಟವಾಗಿರಬೇಕು ಎಂದ ವೆರ್ನರ್. ಇಂಗ್ರಿಡ್ ಊಟ ಬಡಿಸಿಟ್ಟಳು. ಇವರು ಬರಲಿಲ್ಲ. ಸ್ವಲ್ಪ ಹೊತ್ತು ಕಾದೆವು. ವೆರ್ನರ್ ತಾನೇ ಆ ದಾರಿಯನ್ನು ಪೂರ್ತಿ ಸುತ್ತಿ, ಕೂಗಿ ಕೂಗಿ, ಒಬ್ಬನೇ ತಿರುಗಿ ಬಂದ. ಅವನ ಮುಖ ನೋಡಿದ ಮೇಲೆ ಯಾರೂ ನಗಲಿಲ್ಲ. ಬೆಳಗಿನ ಗುಳಿಗೆ ಅವರ ಹೊಟ್ಟೆಯಲ್ಲಿತ್ತು, ಊಟ ನಮ್ಮ ಬುಟ್ಟಿಯಲ್ಲಿತ್ತು. ಇದನ್ನು ಕಮಲಾಳಿಂದ ಹೇಳಿಸಿದೆ. ಇಂಗ್ರಿಡ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ವೆರ್ನರ್ ಪೊಲೀಸರಿಗೆ ಫೋನು ಮಾಡಿದ. ಅವರು ಬರುತ್ತೇವೆ ಎಂದರಂತೆ, ಎಲ್ಲಿ ಹುಡುಕಬೇಕು ಎಂದು ಕೇಳಿದರಂತೆ. ಅದು ಗೊತ್ತಿದ್ದರೆ ಅವರಿಗೇಕೆ ಫೋನು?

ಅಷ್ಟರಲ್ಲಿ ಕೆಲವು ನಿಮಿಷಕ್ಕೊಮ್ಮೆ ಆ ಜೀರುಂಡೆ ಜೀರ್ ಅನ್ನುತ್ತಲೇ ಇತ್ತು. ಪ್ರತಿ ಸಲವೂ ನಾವು ನಾಲ್ವರು ಪರದೆಗೆ ಮುಗಿಬೀಳುವುದು, ಪ್ರತಿ ಸಲವೂ ಹುಮನಾಬಾದು. ವೆರ್ನರ್ ನಕಾಶೆಯನ್ನು ದೊಡ್ಡದು ಮಾಡುತ್ತಿದ್ದ, ಚಿಕ್ಕದು ಮಾಡುತ್ತಿದ್ದ. ದೊಡ್ಡದು ಮಾಡಿದರೆ ಬೇರೆ ಊರು ಬರುತ್ತದೆಯೇ? ನನಗೆ ಸಿಟ್ಟು ಬಂತು.

"ಕಮಲಾ, ಇವರಿಗೆ ಹೇಳು. ಅವರು ಹುಮನಾಬಾದದಾಗ ಇಲ್ಲ. ಮನೀ ಕೀಲಿ ನನ್ನ ಕಡೆ ಅದ."

"ಅದು ಅವರಿಗೂ ಗೊತ್ತದ ವೈನಿ. ಡಬ್ಬಿ ತಪ್ಪು ಹೇಳಾಕತ್ತದ."

"ಡಬ್ಬಿ ಏನರ ಹೇಳಲಿ. ಅದು ಒದರಿದ್ದು ಯಾವ ಗುಡ್ಡಕ್ಕ ಕೇಳಾಕತ್ತದ? ಆ ಗುಡ್ಡ ತನ್ನ ಹೆಸರ ಹೇಳ್ತದಂತಲ್ಲ, ಅದನ್ನ ನೋಡಂತ ಹೇಳು."

ಕಮಲಾ ಹೇಳಿದಳೋ ಇಲ್ಲವೋ, ಇಂಗ್ರಿಡ್ ಗಂಡನ ಕೈ ಸರಿಸಿ ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಳು. ನಕಾಶೆ ಮುಚ್ಚಿದಳು. ಬರೀ ಅಕ್ಷರಗಳ ಸಾಲು ಬಂತು, ಬಂದ ಚೀಟಿಗಳೆಲ್ಲ ಒಂದರ ಕೆಳಗೊಂದು. ಸಾಲಿನ ನಡುವೆ ಬೆರಳಿಟ್ಟು ಇಳಿಸುತ್ತಾ ಬಂದಳು. ಮುಂಜಾನೆಯ ಚೀಟಿಗಳನ್ನೆಲ್ಲ ಹಿಡಿದದ್ದು ನಮ್ಮ ಎದುರಿಗೆ ಕಾಣುತ್ತಿದ್ದ ಗುಡ್ಡ. ನಡುವೆ ಒಂದೆರಡನ್ನು ಎರಡು ಗುಡ್ಡಗಳು ಹಿಡಿದಿದ್ದವು. ಆಮೇಲಿನವನ್ನೆಲ್ಲ ಬೇರೆ ಗುಡ್ಡವೇ ಮೊದಲು ಹಿಡಿದು ಕಳಿಸಿತ್ತು. ಎದುರಿನ ಗುಡ್ಡಕ್ಕೆ ಅವು ಕೇಳಿಸಿಯೇ ಇರಲಿಲ್ಲ. ಆ ಬೇರೆ ಗುಡ್ಡ ಇರುವುದು ನಮ್ಮ ಬೆನ್ನ ಹಿಂದಿನ ದಿಣ್ಣೆಯಾಚೆ, ಇನ್ನೊಂದು ಕಣಿವೆಯ ಮೇಲೆ.

ಊಟದ ಕಾಗದದ ಮೇಲೆ ಅವಳು ಎರಡು ಗುಡ್ಡ, ನಡುವೆ ಒಂದು ದಿಣ್ಣೆ ಬರೆದು ತೋರಿಸಿದಳು. ದಿಣ್ಣೆಯ ಆಚೆ ಒಂದು ಗೆರೆ ಎಳೆದಳು. ಕಮಲಾ ಕನ್ನಡ ಮಾಡಬೇಕಾಗಲಿಲ್ಲ.

ಹಿಂದಿನ ಕಣಿವೆ

ಕಾರು ದಿಣ್ಣೆಯನ್ನು ಬಳಸಿಕೊಂಡು ಹೋಯಿತು. ಕಣಿವೆ ಅಂದರೆ ಚಿಕ್ಕದಲ್ಲ, ಹುಮನಾಬಾದು ಅದರಲ್ಲಿ ಮುಳುಗಿಹೋಗುತ್ತದೆ. ಕಾರು ನಿಲ್ಲಿಸಿ ಇಂಗ್ರಿಡ್ ಡಿಕ್ಕಿಯಿಂದ ಒಂದು ಏಂಟೆನಾ ತೆಗೆದಳು. ನಮ್ಮ ಮನೆಗಳ ಮೇಲೆ ಟಿ.ವಿ.ಗೆ ಕಟ್ಟುತ್ತಿದ್ದ ಮೀನಿನ ಮುಳ್ಳಿನಂಥದು. ಅದನ್ನು ಕೈ ರೇಡಿಯೋಗೆ ಸಿಕ್ಕಿಸಿ ಬಂದೂಕಿನ ಹಾಗೆ ಹಿಡಿದುಕೊಂಡಳು. ಡಬ್ಬಿ ಜೀರ್ ಅಂದಾಗ ಅದನ್ನು ಸುತ್ತಲೂ ತಿರುಗಿಸಬೇಕು. ಯಾವ ಕಡೆ ಗಟ್ಟಿ ಕೇಳುತ್ತದೆಯೋ ಅವರು ಆ ಕಡೆ. ಡಬ್ಬಿ ಕೂಗುವುದು ಒಂದೇ ಉಸಿರು. ತಿರುಗಿಸಿ ಮುಗಿಯುವುದರೊಳಗೆ ನಿಲ್ಲುತ್ತದೆ. ಮತ್ತೆ ಕೂಗುವವರೆಗೆ ಕಾಯಬೇಕು.

ಹೀಗೆ ನಡೆದೆವು. ಮುಂದೆ ಮೀನಿನ ಮುಳ್ಳು ಹಿಡಿದ ಇಂಗ್ರಿಡ್, ಹಿಂದೆ ಸೀರೆ ಎತ್ತಿ ಕಟ್ಟಿದ ನಾನು, ಅದರ ಹಿಂದೆ ಕಮಲಾ, ನೀರು ಹೊತ್ತ ವೆರ್ನರ್. ಎದುರಿಗೆ ಬಂದ ಒಬ್ಬ ಮುದುಕ ನಮ್ಮನ್ನು ನೋಡಿ, ಏನೂ ವಿಶೇಷವಿಲ್ಲದವನ ಹಾಗೆ ನಮಸ್ಕಾರ ಹೇಳಿ ದಾಟಿಹೋದ. ನಮ್ಮ ಊರಾಗಿದ್ದರೆ ಅರ್ಧ ಊರು ಹಿಂದೆ ಬರುತ್ತಿತ್ತು, ಹುಡುಕುವ ಕೆಲಸವೂ ಆಗುತ್ತಿತ್ತು. ಅವರ ಮರ್ಯಾದೆ ಆ ಹೊತ್ತಿನಲ್ಲಿ ನನಗೆ ಬೇಕಾಗಿರಲಿಲ್ಲ.

ಕಮಲಾ ಮಾತಾಡಲಿಲ್ಲ. ಹುಟ್ಟಿದ ಮೇಲೆ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಎರಡು ಕಡೆ ನಿಂತು ಕೇಳಿದ ಮೇಲೆ ದಾರಿ ಗೊತ್ತಾಯಿತು. ಮೂರನೆಯ ಸಲ ನಿಂತೆವು. ಜೀರುಂಡೆ ಕೂಗುವ ಹೊತ್ತು ಬಂತು, ಹೋಯಿತು. ಕೂಗಲಿಲ್ಲ. ವೆರ್ನರ್ ಗಡಿಯಾರ ನೋಡಿದ, ಇಂಗ್ರಿಡ್ ಗುಂಡಿ ತಿರುಗಿಸಿದಳು. ಡಬ್ಬಿಯ ಮೇಲೆ ಬಿದ್ದಿದ್ದಾರೆ ಎಂದುಕೊಂಡೆ. ಬೆವರಿ, ನಡುಗಿ, ಬಿದ್ದಿದ್ದಾರೆ. ಈ ಕಾಡಿನಲ್ಲಿ ದಾಟಿಕೊಂಡು ಹೋಗುವುದಕ್ಕೂ ಜನವಿಲ್ಲ. ಇವರನ್ನು ಬಿಟ್ಟು ವಿಮಾನ ಹತ್ತಬೇಕಾದರೆ ಹೇಗೆ ಹತ್ತುವುದು ಎಂಬುದೂ ಮನಸ್ಸಿಗೆ ಬಂತು. ದೇವರನ್ನು ನೆನೆಯಲಿಲ್ಲ. ಸೆರಗಿನ ಗಂಟಿನಲ್ಲಿದ್ದ ಬೆಲ್ಲವನ್ನು ಮುಟ್ಟಿ ನೋಡಿಕೊಂಡೆ, ಇತ್ತು.

ಆಗ ಕೂಗಿತು. ಎಷ್ಟು ಗಟ್ಟಿಯೆಂದರೆ ಏಂಟೆನಾ ಯಾವ ಕಡೆ ತಿರುಗಿಸಿದರೂ ಅಷ್ಟೇ ಗಟ್ಟಿ. ಹತ್ತಿರವಿದ್ದರೆ ಹೀಗಾಗುತ್ತದೆ ಎಂದಳು ಇಂಗ್ರಿಡ್. ಏಂಟೆನಾ ಕಿತ್ತು ಹುಲ್ಲಿನ ಮೇಲೆ ಎಸೆದಳು. ರೇಡಿಯೋವನ್ನು ಎಳೆಗೂಸಿನ ಹಾಗೆ ಎದೆಗೆ ಅವುಚಿಕೊಂಡು, ಮತ್ತೊಂದು ಕೂಗಿಗೆ ಕಾದು, ನಿಂತಲ್ಲೇ ಸುತ್ತಿದಳು. ಒಂದು ಕಡೆ ಮುಖ ಮಾಡಿದಾಗ ದನಿ ಸೋತಿತು. ಅವಳ ಮೈ ಅಡ್ಡ ಬಂದಿತ್ತು, ಅಂದರೆ ಅವರು ಅವಳ ಬೆನ್ನ ಹಿಂದೆ. ನಾವೆಲ್ಲ ಆ ಕಡೆ ತಿರುಗಿದೆವು.

ಮರಗಳ ನಡುವೆ ಒಂದು ಬೆಂಚು. ಅದರ ಮೇಲೆ ಟೋಪಿ. ಟೋಪಿಯ ಕೆಳಗೆ ಅವರು.

"ಬಂದ್ರೇನು? ತಡಾ ಆತಲ್ಲ" ಎಂದರು. ಮಾತು ತೊದಲುತ್ತಿತ್ತು. ಅಂಗಿ ಬೆವರಿನಲ್ಲಿ ನೆನೆದು ಮೈಗೆ ಅಂಟಿತ್ತು, ಬೆರಳು ನಡುಗುತ್ತಿದ್ದವು. ಬಾಯಿ ತೆರೆಸಿ ಬೆಲ್ಲ ಇಟ್ಟೆ. ಇನ್ನೊಂದು ಚೂರು ಇಟ್ಟೆ. ಇಂಗ್ರಿಡ್ ಸೇಬಿನ ರಸ ಕುಡಿಸಿದಳು. ಕಮಲಾ ಅಣ್ಣನ ಪಾದ ಹಿಡಿದುಕೊಂಡು ಅತ್ತಳು. ಪಾದದ ತುಂಬ ಬೊಕ್ಕೆ, ಬೂಟು ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟಿದ್ದರು.

ನಡುಕ ನಿಲ್ಲುವವರೆಗೆ ನಾನು ಅವರ ಕೈ ಬಿಡಲಿಲ್ಲ. ನಿಂತ ಮೇಲೆ ಬಿಟ್ಟೆ, ಬೈಯುವುದಕ್ಕೆ. ಎಲ್ಲಿಗೆ ಹೋದದ್ದು, ಯಾಕೆ ಹೋದದ್ದು, ಹಸಿವೆ ತಿಳಿಯುವುದಿಲ್ಲವೇ ಎಂದೆಲ್ಲ ಕೇಳಿದೆ. ಅವರು ಅಂದದ್ದು ಒಂದೇ ಮಾತು:

"ಡಬ್ಬಿ ಒದರಾಕತ್ತಿತ್ತು. ನಾ ಎಲ್ಲಿ ಇದ್ದೀನಿ ಅಂತ ನಿಮಗ ಕಾಣ್ತದಲ್ಲ. ಅದಕ್ಕ ಫಿಕರ್ ಮಾಡದೆ ಒಂದ ಕಡಿ ಕುಂತೆ."

ನಮ್ಮ ನಾಲ್ವರ ಜೀವ ಬಾಯಿಗೆ ಬಂದಿದ್ದಾಗ, ಚುಕ್ಕೆ ಅಲುಗಾಡಿದರೆ ಹುಡುಕುವವರಿಗೆ ತೊಂದರೆ ಎಂದು ಇವರು ಬೆಂಚಿನ ಮೇಲೆ ಅಲುಗಾಡದೆ ಕುಳಿತಿದ್ದರು.

ಆಮೇಲೆ ಒಂದೊಂದಾಗಿ ತಿಳಿಯಿತು. ಕಾಡಿನಲ್ಲಿ ದಾರಿಗಳು ಕೂಡುವ ಒಂದು ಜಾಗದಲ್ಲಿ ಚಿಕ್ಕ ಗುಡಿ ಇದೆಯಂತೆ. ಮರದ ಮಾಡಿನ ಕೆಳಗೆ ತಾಯಿ, ಮಗು, ಮುಂದೆ ಒಂದು ಗಾಜಿನ ಲೋಟದಲ್ಲಿ ಹೂವು. ಇವರು ಮಾಣಿಕನಗರದ ಮಠಕ್ಕೆ ನಡೆದುಕೊಳ್ಳುವವರು. ಯಾವ ದೇವರನ್ನು ಕಂಡರೂ, ಯಾರ ದೇವರಾದರೂ, ದಾಟಿ ಹೋಗುವ ಜಾತಿಯಲ್ಲ. ಬೂಟು ಬಿಚ್ಚಿದರು. ಕೈ ಮುಗಿದು ಸುತ್ತಲೂ ಪ್ರದಕ್ಷಿಣೆ ಹಾಕಿದರು. ನೆಲಕ್ಕೆ ಹಣೆ ಹಚ್ಚಿದರು. ಎದ್ದು, ಜಾರಿದ ಟೋಪಿ ಹಾಕಿಕೊಂಡು, ಬೂಟು ಹಾಕಿಕೊಂಡು ಎದುರಿಗಿದ್ದ ದಾರಿ ಹಿಡಿದರು. ಅಲ್ಲಿ ಎಲ್ಲ ದಾರಿಗೂ ಹಳದಿ ಗುರುತೇ. ಸುತ್ತು ಹಾಕಿದವರಿಗೆ ತಾವು ಬಂದದ್ದು ಯಾವುದು, ಹೋಗಬೇಕಾದದ್ದು ಯಾವುದು ಎಂಬ ಲೆಕ್ಕ ತಪ್ಪಿತ್ತು.

ವೆರ್ನರ್ ಅವರ ಟೋಪಿ ತೆಗೆದು ತಿರುಗಿಸಿ ನೋಡಿದ. ತಂತಿಯ ತುದಿ ಸಡಿಲವಾಗಿ ಹೊರಗೆ ಜೋತಾಡುತ್ತಿತ್ತು. ಹಣೆ ಹಚ್ಚಲು ಬಗ್ಗಿದಾಗ ಜಗ್ಗಿ ಬಂದದ್ದು. ಆಕಾಶದ ಮಾತು ಬರುವುದು ಅಲ್ಲಿಗೆ ನಿಂತಿತ್ತು. ಡಬ್ಬಿ ತನ್ನ ಹೊಟ್ಟೆಯಲ್ಲಿದ್ದದ್ದನ್ನು ಹೇಳಲು ಶುರು ಮಾಡಿತ್ತು. ಅದರದೇನೂ ತಪ್ಪಿಲ್ಲ. ತುಂಬಿಸಿದ್ದನ್ನು ಹೇಳಿತು.

"ಅಣ್ಣಾ, ನಿಂತಲ್ಲೇ ಕೈ ಮುಗದಿದ್ರ ಆ ತಾಯಿ ಒಲ್ಲೆ ಅಂತಿದ್ಳೇನು?" ಕಮಲಾಳಿಗೆ ಮಾತು ಬಂದಿತ್ತು. ನನಗೆ ಅರ್ಧ ಜೀವ ಅದರಿಂದಲೇ ಬಂತು.

"ಹೆಂಗಸೊಬ್ಬಾಕಿ ಕೂಸಿನ ಸಂಗಾಟ ಕಾಡಾಗ ಕುಂತಾಳ. ಒಂದು ಸುತ್ತರ ಹಾಕಬ್ಯಾಡೇನು?"

ಇಂಗ್ರಿಡ್ ಏನೆಂದು ಕೇಳಿದಳು. ಕಮಲಾ ಹೇಳಿದಳು. ಇಂಗ್ರಿಡ್, ನಾನು ಈ ದಾರಿಯಲ್ಲಿ ಚಿಕ್ಕಂದಿನಿಂದ ನಡೆದಿದ್ದೇನೆ, ಅಲ್ಲಿ ನಿಂತಿದ್ದು ಕಡಿಮೆ ಎಂದಳು. ಹೆದರಿಸಿದ್ದಕ್ಕೆ ಬೈಯುವ ಹಕ್ಕು ಅವಳಿಗೂ ಇತ್ತು, ಬೈಯಲಿಲ್ಲ. ನನ್ನ ಪಾಲಿನದು ಇನ್ನೂ ಮುಗಿದಿರಲಿಲ್ಲ.

ಕಾರಿನಲ್ಲಿ

ವೆರ್ನರ್ ಪೊಲೀಸರಿಗೆ ಫೋನು ಮಾಡಿ, ಮನುಷ್ಯ ಸಿಕ್ಕಿದ, ಬರುವುದು ಬೇಡ ಎಂದ. ಸೂರ್ಯ ಇನ್ನೂ ಮೇಲೆಯೇ ಇದ್ದ. ಆ ದೇಶದಲ್ಲಿ ಬೇಸಿಗೆಯ ಹೊತ್ತು ಮುಳುಗುವುದೇ ಇಲ್ಲ. ಬಂದಾಗಿನಿಂದ ಅದಕ್ಕೆ ಬೈದಿದ್ದೆ, ನಿದ್ದೆ ಬರುವುದಿಲ್ಲವೆಂದು. ಆ ದಿನ ಬೈಯಲಿಲ್ಲ.

ಹಿಂದಿನ ಸೀಟಿನಲ್ಲಿ ನಡುವೆ ಇವರು, ಆಚೆ ಕಮಲಾ, ಈಚೆ ನಾನು. ಇವರು ರೊಟ್ಟಿ ತಿಂದರು, ಅನ್ನ ತಿಂದರು, ಡಬ್ಬದ ತಳ ಕೆರೆದರು. ಮುಖಕ್ಕೆ ಬಣ್ಣ ಬಂತು. ಆಮೇಲೆ, ತಮ್ಮ ಚುಕ್ಕೆ ದಿಣ್ಣೆ ಹತ್ತುವಾಗ ಹೇಗೆ ಕಂಡಿತು ಎಂದು ವೆರ್ನರನನ್ನು ಕೇಳಿದರು. ವೆರ್ನರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಹೇಳುವ ಕೆಲಸವನ್ನು ನಾನೇ ಮಾಡಿದೆ. ನೀವು ದಿಣ್ಣೆ ಹತ್ತಲೇ ಇಲ್ಲ, ಊಟದ ಹೊತ್ತಿನಿಂದ ಹುಮನಾಬಾದಿನ ಮನೆಯಲ್ಲೇ ಇದ್ದಿರಿ, ಇಡೀ ಜರ್ಮನಿಯೇ ಅದನ್ನು ಕಂಡಿದೆ ಎಂದೆ.

ಇವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಬೆವರಲಿಲ್ಲ, ನಡುಗಲಿಲ್ಲ. ನಾನು ಕೈ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಅಷ್ಟಾದ ಮೇಲೆ ಕೇಳಿದೆ:

"ಮನ್ಯಾಗ ಇದ್ರಲ್ಲ. ನಳದ ನೀರ ಬಂದಿತ್ತೇನ್ರಿ?"

ಇವರು ಕಿಟಕಿಯ ಆಚೆ ನೋಡುತ್ತಾ ನಿಜವಾಗಿಯೂ ಲೆಕ್ಕ ಹಾಕಿದರು.

"ಬಂದಿರಬೇಕು" ಎಂದರು. "ಇವತ್ತ ಮಂಗಳವಾರ."